ಯಾದವಗಿರಿಯ ಜಾವಾ: ಹಳೆಯ ಗಾಡಿಯೂ ಒಂದು ದಾಖಲೆ

ಇತಿಹಾಸವೆಂದೊಡನೆ ನಮ್ಮ ಕಣ್ಣ ಮುಂದೆ ಶಾಸನಗಳು, ತಾಮ್ರಪಟಗಳು, ಕೋಟೆ ಕೊತ್ತಲಗಳು ಬಂದು ನಿಲ್ಲುತ್ತವೆ. ಆದವಾನಿಯ ಬೆಟ್ಟದ ಮೇಲಿನ ಕೋಟೆಯನ್ನು ನೋಡುತ್ತ ಬೆಳೆದ ಎಮ್ಮಿಗನೂರು ಸೀಮೆಯ ಕನ್ನಡಿಗರಿಗೆ ಇದು ಸಹಜವೇ ಸರಿ. ಆದರೆ ಊರಿನ ಇತಿಹಾಸವು ಕಲ್ಲಿನಲ್ಲಿ ಮಾತ್ರ ಉಳಿಯುವುದಿಲ್ಲ. ನೇಕಾರನ ಮಗ್ಗದಲ್ಲಿ, ಹತ್ತಿ ಗಿರಣಿಯ ಹಳೆಯ ಯಂತ್ರದಲ್ಲಿ, ಮನೆಯ ಹಿತ್ತಲಿನ ತಗಡಿನ ಕೆಳಗೆ ತುಕ್ಕು ಹಿಡಿಯುತ್ತಿರುವ ಮೋಟಾರ್ ಸೈಕಲ್ಲಿನಲ್ಲಿಯೂ ಅದು ಉಳಿದಿರುತ್ತದೆ. ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಅಂತಹ ಒಂದು ಗಾಡಿಯ ಇತಿಹಾಸವನ್ನು. ಮೈಸೂರಿನಲ್ಲಿ ತಯಾರಾಗಿ ನಮ್ಮ ಗಡಿನಾಡಿನ ರಸ್ತೆಗಳಲ್ಲಿ ಓಡಾಡಿದ ಜಾವಾವನ್ನು ಕುರಿತು. ಅದಕ್ಕೆ ಎದುರಾಳಿಗಳಾಗಿ ಬಂದ ಜಪಾನಿನ ಯಂತ್ರಗಳ ಕಥೆಯನ್ನೂ, ಇಂತಹ ಗಾಡಿಗಳನ್ನು ಇಂದು ಹುಡುಕಿ ತಂದು, ಬಿಚ್ಚಿ, ಮರಳಿ ಜೋಡಿಸಿ ಓಡಿಸುತ್ತಿರುವವರ ಶ್ರಮವನ್ನೂ ಇದರೊಡನೆಯೇ ಹೇಳಬೇಕಾಗಿದೆ.

ಜಾವಾ ಎಂಬ ಹೆಸರು ಇಂಡೋನೇಷ್ಯಾದ ದ್ವೀಪದ್ದೆಂದು ಬಹುಮಂದಿ ತಿಳಿದಿದ್ದಾರೆ. ನಾವೂ ಬಹುಕಾಲ ಹಾಗೆಯೇ ತಿಳಿದಿದ್ದೆವು. ವಾಸ್ತವದಲ್ಲಿ ಅದು ಎರಡು ಹೆಸರುಗಳ ಮೊದಲಕ್ಷರಗಳು ಕೂಡಿ ಆದ ಪದ. ಜೆಕೊಸ್ಲೊವಾಕಿಯಾದ ಪ್ರಾಗ್ ನಗರದಲ್ಲಿ ಆಯುಧ ಕಾರ್ಖಾನೆ ನಡೆಸುತ್ತಿದ್ದ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತನು 1929ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡನು. ತನ್ನ ಹೆಸರಿನ 'ಯಾ', ವಾಂಡರರಿನ 'ವಾ' ಸೇರಿಸಿ 'ಯಾವಾ' ಎಂದು ಹೆಸರಿಟ್ಟನು. ರೋಮನ್ ಅಕ್ಷರದಲ್ಲಿ ಬರೆದ ಆ ಹೆಸರನ್ನು ಇಂಗ್ಲಿಷಿನ ರೀತಿಯಲ್ಲಿ ಓದಿದ ನಮಗೆ ಅದು 'ಜಾವಾ' ಆಯಿತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಪ್ರಾಗ್ ನಗರವನ್ನು ಆಕ್ರಮಿಸಿದ್ದಾಗ ಕಾರ್ಖಾನೆಯ ಎಂಜಿನಿಯರುಗಳು ಹೊಸ 250 ಸಿ.ಸಿ. ಗಾಡಿಯೊಂದನ್ನು ಗುಟ್ಟಾಗಿ ರೂಪಿಸಿದರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಅದು ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಲೋಕದ ಕಣ್ಣಿಗೆ ಬಿದ್ದಿತು. ನಮ್ಮ ದೇಶಕ್ಕೆ ಬಂದ ಜಾವಾ ಗಾಡಿಗಳು ಆ ವಂಶದವೇ.

1950ರ ದಶಕದಲ್ಲಿ ರುಸ್ತುಂ ಇರಾನಿ ಮತ್ತು ಫರೋಕ್ ಇರಾನಿ ಅವರು ಮುಂಬಯಿಯಲ್ಲಿ ಈ ಗಾಡಿಗಳನ್ನು ಹೊರದೇಶದಿಂದ ತರಿಸಿ ಮಾರುತ್ತಿದ್ದರು. ವಿದೇಶಿ ವಿನಿಮಯದ ಕೊರತೆಯಿಂದಾಗಿ ಸರ್ಕಾರವು ಆಮದಿಗೆ ತಡೆ ಹಾಕಿತು. ಆಗ ಅವರು ಜೆಕ್ ಸಂಸ್ಥೆಯಿಂದ ಪರವಾನಗಿ ಪಡೆದು ಇಲ್ಲಿಯೇ ತಯಾರಿಸಲು ನಿಶ್ಚಯಿಸಿದರು. 1960ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ 'ಐಡಿಯಲ್ ಜಾವಾ' ಕಾರ್ಖಾನೆ ಸ್ಥಾಪನೆಯಾಯಿತು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜೇಂದ್ರ ಒಡೆಯರವರು ಅದನ್ನು ಉದ್ಘಾಟಿಸಿದರು. ಮರುವರ್ಷದಿಂದ ಗಾಡಿಗಳು ಹೊರಬರತೊಡಗಿದವು. 1973ರಲ್ಲಿ ಜಾವಾ ಎಂಬ ಹೆಸರಿಗೆ ಬದಲಾಗಿ 'ಯೆಜ್ಡಿ' ಎಂಬ ಹೆಸರು ಬಂದಿತು. 1978ರಲ್ಲಿ 'ರೋಡ್‌ಕಿಂಗ್' ಬಂದಿತು. ಮದರಾಸಿನ ಬಳಿಯ ಶೋಳಾವರಂ ಪಂದ್ಯಗಳಲ್ಲಿ ಮೈಸೂರಿನ ಗಾಡಿಗಳು ಓಡಿ ಹೆಸರು ಮಾಡಿದವು.

ಈ ಗಾಡಿಯ ರಚನೆಯನ್ನು ಎರಡು ಮಾತಿನಲ್ಲಿ ಹೇಳುವುದು ಉಚಿತ. ಒಂದೇ ಸಿಲಿಂಡರು, ಆದರೆ ಸೈಲೆನ್ಸರುಗಳು ಎರಡು. ಟೂ-ಸ್ಟ್ರೋಕ್ ಎಂಜಿನ್ನಾದ್ದರಿಂದ ಪೆಟ್ರೋಲಿನೊಡನೆ ಎಣ್ಣೆಯನ್ನು ಬೆರೆಸಿ ಹಾಕಬೇಕು. ಬೆರಕೆ ಹೆಚ್ಚಾದರೆ ಹೊಗೆ, ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುವ ಭಯ. ಎಲ್ಲಕ್ಕಿಂತ ವಿಶೇಷವಾದದ್ದು ಕಿಕ್ಕರು ಮತ್ತು ಗೇರು ಎರಡಕ್ಕೂ ಒಂದೇ ಕೋಲು ಇದ್ದದ್ದು. ಕೋಲನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರು. ಗಾಡಿ ಸ್ಟಾರ್ಟಾದ ಮೇಲೆ ಮುಂದಕ್ಕೆ ಬಾಗಿಸಿದರೆ ಅದೇ ಗೇರು. ಕೈಯಲ್ಲಿ ಕ್ಲಚ್ ಹಿಡಿಯದೆಯೇ ಕಾಲಿನಿಂದ ಗೇರು ಬದಲಿಸಲು ಬರುತ್ತಿತ್ತು. ಕೆಂಗಂದು ಬಣ್ಣದ ಮೈ, ಟ್ಯಾಂಕಿನ ಬದಿಯಲ್ಲಿ ಹೊಳೆಯುವ ಕ್ರೋಮ್, ಅದರ ಅಂಚಿನಲ್ಲಿ ಕೈಯಿಂದ ಎಳೆದ ಸಣ್ಣ ಗೆರೆ. ದೂರದಿಂದ ಬರುವ ಶಬ್ದವನ್ನು ಕೇಳಿಯೇ ಇಂಥವರ ಗಾಡಿ ಎಂದು ಹಳ್ಳಿಯ ಹುಡುಗರು ಹೇಳಿಬಿಡುತ್ತಿದ್ದರು. ನಮ್ಮ ಕಡೆಯ ಹಿರಿಯರ ಬಾಯಲ್ಲಿ ಅದು 'ಫಟಫಟಿ'.

ಮೈಸೂರಿನ ಗಾಡಿಗೂ ನಮ್ಮೂರಿಗೂ ಸಂಬಂಧ ಹೇಗೆ ಬಂದಿತೆಂಬುದನ್ನು ತಿಳಿಯಲು ತುಸು ಹಿಂದಕ್ಕೆ ಹೋಗಬೇಕು. 1953ರ ಅಕ್ಟೋಬರ್ 1ರವರೆಗೆ ನಾವು ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಯವರು. ಅಂದು ಆಂಧ್ರ ರಾಜ್ಯವು ಹುಟ್ಟಿದಾಗ ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಮೊದಲಾದ ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಎಮ್ಮಿಗನೂರು ಆದವಾನಿಯೊಡನೆ ಈ ಕಡೆ ಉಳಿಯಿತು. ಗೆರೆಯನ್ನು ಸರ್ಕಾರ ಎಳೆಯಿತು. ನೆಂಟಸ್ತಿಕೆಗೆ ಮಾತ್ರ ಗೆರೆ ಇರಲಿಲ್ಲ. ಹೆಣ್ಣು ಕೊಡುವುದು ತರುವುದು, ಹತ್ತಿ ಮಾರುವುದು, ಎತ್ತು ಕೊಳ್ಳುವುದು ಎಲ್ಲವೂ ಹಿಂದಿನಂತೆಯೇ ನಡೆಯಿತು. ಬಳ್ಳಾರಿ, ಸಿರುಗುಪ್ಪ, ರಾಯಚೂರುಗಳಲ್ಲಿ ಬಂಧುಗಳಿದ್ದವರ ಮನೆಗೆ ಮೈಸೂರಿನ ಜಾವಾ ಗಾಡಿಗಳು ಆ ದಾರಿಯಿಂದಲೇ ಬಂದವು.

ನಮ್ಮ ಮನೆಗೆ ಬಂದದ್ದೂ ಹಾಗೆಯೇ. ಸಿರುಗುಪ್ಪದ ನಮ್ಮ ಸೋದರಮಾವನವರು 1968ರಲ್ಲಿ ಕೊಂಡಿದ್ದ ಜಾವಾವನ್ನು, ವಯಸ್ಸಾಗಿ ಓಡಿಸಲಾರದಾದಾಗ, ನಮಗೆ ಕೊಟ್ಟರು. ಆ ಕಾಲದಲ್ಲಿ ಮೈಸೂರು ರಾಜ್ಯದ ಗಾಡಿಗಳ ಸಂಖ್ಯೆಯು 'ಎಂ.ವೈ.' ಎಂಬ ಅಕ್ಷರಗಳಿಂದ ಆರಂಭವಾಗುತ್ತಿತ್ತು. ಒಂದು ರಾಜ್ಯದ ಗಾಡಿಯನ್ನು ಇನ್ನೊಂದು ರಾಜ್ಯಕ್ಕೆ ತಂದು ಇರಿಸಿಕೊಳ್ಳಬೇಕಾದರೆ ಅಲ್ಲಿಂದ ನಿರಾಕ್ಷೇಪಣಾ ಪತ್ರ ತರಬೇಕು, ಇಲ್ಲಿ ಹೊಸ ಸಂಖ್ಯೆ ಪಡೆಯಬೇಕು. ನಾವೂ ಅಂತೆಯೇ ಮಾಡಿದೆವು. ಗಾಡಿಯ ಆರ್.ಸಿ. ಪುಸ್ತಕದಲ್ಲಿ ಮೊದಲ ಪುಟದಲ್ಲಿ ಮಾವನವರ ಹೆಸರು, ಮೈಸೂರಿನ ಸಂಖ್ಯೆ; ಮುಂದೆ ವರ್ಗಾವಣೆಯ ಮೊಹರು, ನಮ್ಮ ಹೆಸರು, ಆಂಧ್ರದ ಸಂಖ್ಯೆ. ಚಾಸಿಸ್ ನಂಬರು, ಎಂಜಿನ್ ನಂಬರು, ಬಣ್ಣ, ತಯಾರಾದ ವರ್ಷ ಎಲ್ಲವೂ ಅಲ್ಲಿದ್ದವು. ಸೀಮೆ ಒಡೆದ ಮೇಲೂ ಸಂಬಂಧ ಒಡೆಯಲಿಲ್ಲವೆಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಸಾಕ್ಷಿ ನಮ್ಮ ಮನೆಯಲ್ಲಿ ಬೇರೊಂದಿರಲಿಲ್ಲ. ಅದು ಸಾಕ್ಷಿಯೆಂದು ಅಂದು ನಮಗೆ ತೋರಲಿಲ್ಲ. ಹತ್ತಾರು ವರ್ಷ ಆ ಗಾಡಿಯ ಮೇಲೆಯೇ ಶಾಲೆಗೆ ಹೋಗಿ ಬಂದೆವು. ಮಂತ್ರಾಲಯಕ್ಕೆ, ಆದವಾನಿಗೆ ಅದರಲ್ಲಿಯೇ ತಿರುಗಿದೆವು.

1980ರ ದಶಕದಲ್ಲಿ ರಸ್ತೆಯ ಮೇಲೆ ಹೊಸ ಶಬ್ದಗಳು ಕೇಳಿಬಂದವು. ಜಪಾನಿನ ಸಂಸ್ಥೆಗಳು ನಮ್ಮ ದೇಶದ ಸಂಸ್ಥೆಗಳೊಡನೆ ಕೈಜೋಡಿಸಿ 100 ಸಿ.ಸಿ.ಯ ಹಗುರವಾದ ಗಾಡಿಗಳನ್ನು ತಂದವು. 1984ರಲ್ಲಿ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾ ಮತ್ತು ಯಮಹಾ ಆರ್.ಎಕ್ಸ್. 100, 1986ರಲ್ಲಿ ಕವಾಸಾಕಿ ಬಜಾಜ್. ಇವುಗಳಿಗಿಂತ ತುಸು ಮುಂಚೆ, 1983ರಲ್ಲಿ, ಎಸ್ಕಾರ್ಟ್ಸ್ ಸಂಸ್ಥೆಯು ಯಮಹಾದ ಆರ್.ಡಿ. 350 ಗಾಡಿಯನ್ನು ರಾಜದೂತ್ ಹೆಸರಿನಲ್ಲಿ ತಂದಿತ್ತು. ಎರಡು ಸಿಲಿಂಡರು, ಆರು ಗೇರು. ಕ್ರೀಡಾವಾಹನವೆಂದು ಕರೆಯಬಹುದಾದ ಜಪಾನಿನ ಯಂತ್ರವೊಂದು ನಮ್ಮ ಸಾಮಾನ್ಯರ ರಸ್ತೆಗೆ ಇಳಿದದ್ದು ಹಾಗೆ. ಅದು ಪೆಟ್ರೋಲನ್ನು ಹೆಚ್ಚಾಗಿ ಕುಡಿಯುತ್ತಿದ್ದುದರಿಂದ ಆ ಕಾಲದಲ್ಲಿ ಕೊಳ್ಳುವವರು ಕಡಿಮೆಯಿದ್ದರು. ಇಂದು ಅದನ್ನೇ ಊರೂರು ತಿರುಗಿ ಹುಡುಕುತ್ತಾರೆ.

ಯಮಹಾ ಸಂಸ್ಥೆಯ ಹುಟ್ಟಿನ ಕಥೆಯು ಶಾಲೆಯಲ್ಲಿ ದುಡಿದ ನಮಗೆ ವಿಶೇಷವಾಗಿ ಪ್ರಿಯವಾದುದು. 1887ರಲ್ಲಿ ಜಪಾನಿನ ಹಮಾಮಾತ್ಸು ಪಟ್ಟಣದ ಪ್ರಾಥಮಿಕ ಶಾಲೆಯ ರೀಡ್ ಆರ್ಗನ್, ಎಂದರೆ ನಮ್ಮ ಹಾರ್ಮೋನಿಯಂ ಜಾತಿಯ ವಾದ್ಯ, ಕೆಟ್ಟುಹೋಯಿತು. ಅದನ್ನು ರಿಪೇರಿ ಮಾಡಲು ಕರೆದದ್ದು ತೊರಾಕುಸು ಯಮಹಾ ಎಂಬ ಕುಶಲಿಯನ್ನು. ರಿಪೇರಿ ಮಾಡುತ್ತ ಮಾಡುತ್ತ ಅದರ ಮರ್ಮವನ್ನು ತಿಳಿದ ಆತ ತಾನೇ ಆರ್ಗನ್ ತಯಾರಿಸಿದನು. ಇಂದಿಗೂ ಆ ಸಂಸ್ಥೆಯ ಲಾಂಛನದಲ್ಲಿ ಮೂರು ಶ್ರುತಿಕವೆಗಳಿವೆ. 1955ರಲ್ಲಿ ಮೋಟಾರ್ ಸೈಕಲ್ಲಿಗಾಗಿ ಬೇರೆಯೇ ಸಂಸ್ಥೆ ಏರ್ಪಟ್ಟಿತು. ಆರ್.ಡಿ. ಗಾಡಿಯ ಎಂಜಿನ್ನಿನ ಬಾಯಲ್ಲಿ ಗಾಳಿಯನ್ನು ಒಳಕ್ಕೆ ಬಿಟ್ಟು ಹಿಂದಕ್ಕೆ ಹೋಗದಂತೆ ತಡೆಯುವ ತೆಳುವಾದ ಪಟ್ಟಿಗಳಿವೆ. ಅವುಗಳಿಗೂ ಹೆಸರು 'ರೀಡ್' ಎಂದೇ.

ಇನ್ನೊಂದು ಸಂಗತಿಯನ್ನು ಇಲ್ಲಿ ಗಮನಿಸಬೇಕು. ಯಮಹಾ 1955ರಲ್ಲಿ ತಯಾರಿಸಿದ ಮೊದಲ ಗಾಡಿಯು ಜರ್ಮನಿಯ ಡಿ.ಕೆ.ಡಬ್ಲ್ಯು. ಸಂಸ್ಥೆಯ ಗಾಡಿಯನ್ನು ಮಾದರಿಯಾಗಿ ಇಟ್ಟುಕೊಂಡದ್ದು. ಜಾವಾದ ಹೆಸರಿನಲ್ಲಿ ಅರ್ಧ ಪಾಲಿರುವ ವಾಂಡರರ್ ಸಂಸ್ಥೆಯ ನೆಲೆ ಜರ್ಮನಿಯ ಸ್ಯಾಕ್ಸನಿ ಸೀಮೆಯ ಕೆಮ್ನಿಟ್ಸ್. ಡಿ.ಕೆ.ಡಬ್ಲ್ಯು.ವಿನ ನೆಲೆಯೂ ಅದಕ್ಕೆ ಸಮೀಪದ ಊರೇ. 1932ರಲ್ಲಿ ಈ ಎರಡೂ 'ಆಟೋ ಯೂನಿಯನ್' ಎಂಬ ಒಂದೇ ಸಂಸ್ಥೆಯೊಳಗೆ ಸೇರಿಕೊಂಡವು. ಒಂದೇ ಸೀಮೆಯ ಎರಡು ಕಾರ್ಖಾನೆಗಳ ವಿದ್ಯೆ, ಒಂದು ಪ್ರಾಗ್ ದಾರಿಯಿಂದ ಮೈಸೂರಿಗೂ ಇನ್ನೊಂದು ಜಪಾನ್ ದಾರಿಯಿಂದ ದೆಹಲಿಯ ಕಡೆಗೂ ಬಂದು, ಕೊನೆಗೆ ನಮ್ಮ ಆದವಾನಿ ರಸ್ತೆಯಲ್ಲಿ ಒಂದನ್ನೊಂದು ಹಿಂದಿಕ್ಕಲು ಹೆಣಗಿತು. ಯಂತ್ರದ ವಂಶಾವಳಿಯನ್ನು ಹುಡುಕಿದವರಿಗೆ ಮಾತ್ರ ಇಂತಹ ಸಂಗತಿ ದೊರೆಯುತ್ತದೆ.

ಈ ಪೈಪೋಟಿಯಲ್ಲಿ ಮೈಸೂರು ಸೋತಿತು. ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ದೂರ ಓಡುವ ಗಾಡಿ ಮಧ್ಯಮ ವರ್ಗದವರಿಗೆ ಬೇಕಾಗಿತ್ತು. ಹೊಗೆಯನ್ನು ನಿಯಂತ್ರಿಸುವ ಕಾನೂನುಗಳು ಬಂದವು. ಕಾರ್ಮಿಕರಿಗೂ ಆಡಳಿತಕ್ಕೂ ತಿಕ್ಕಾಟ ಬೆಳೆಯಿತು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಮುಚ್ಚಿತು. ಮಾತೃಸಂಸ್ಥೆಯೇ ಇಲ್ಲವಾದ ಮೇಲೆ ಬಿಡಿಭಾಗಗಳು ದುರ್ಲಭವಾದವು. ಮನೆಮನೆಯ ಜಾವಾ, ಯೆಜ್ಡಿಗಳು ಮೂಲೆ ಸೇರಿದವು.

ನಮ್ಮ ಗಾಡಿಯೂ ಮೂಲೆ ಸೇರಿತು. ಮಳೆಗಾಲವೊಂದು ಕಳೆದ ಮೇಲೆ ಅದನ್ನು ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಟ್ಟೆವು. ಆತ ಕೇಳಿದನೆಂದು ಆರ್.ಸಿ. ಪುಸ್ತಕವನ್ನೂ ಕೊಟ್ಟುಬಿಟ್ಟೆವು. ಇಷ್ಟು ವರ್ಷ ಇತಿಹಾಸದ ಪಾಠ ಹೇಳಿದ ನಾವು ಒಂದು ಪ್ರತಿಯನ್ನಾದರೂ ತೆಗೆದಿಡಲಿಲ್ಲ. ಗಾಡಿಯೊಡನೆ ಬಂದಿದ್ದ ಸ್ಪ್ಯಾನರುಗಳ ಕ್ಯಾನ್‌ವಾಸ್ ಚೀಲ, ಮಾವನವರು ಗಾಡಿಯ ಪಕ್ಕದಲ್ಲಿ ನಿಂತ ಒಂದು ಭಾವಚಿತ್ರ, ಇಷ್ಟೇ ಈಗ ಉಳಿದಿರುವುದು.

ಕೆಲವು ವರ್ಷಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರ ಮಗ, ಬಳ್ಳಾರಿಯಲ್ಲಿರುವ ಎಂಜಿನಿಯರ್, ಆ ಗಾಡಿಯನ್ನು ಕೇಳಿಕೊಂಡು ಮನೆಗೆ ಬಂದನು. ನಡೆದದ್ದನ್ನು ಹೇಳಿದೆವು. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಾಡಿ ಹೋದ್ರೆ ಹೋಗ್ಲಿ ಸಾರ್, ಆರ್.ಸಿ. ಬುಕ್ ಆದ್ರೂ ಐತೇನ್ರಿ?" ಎಂದು ಕೇಳಿದನು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಹತ್ತಿ ಗೋದಾಮೊಂದರಲ್ಲಿ ಬಿದ್ದಿದ್ದ ಬೇರೊಂದು ಜಾವಾವನ್ನು ಆತ ಆಮೇಲೆ ಕೊಂಡನು. ಎರಡು ವರ್ಷ ಅದರ ಮೇಲೆ ದುಡಿದನು. ಆಗಾಗ ಹೋಗಿ ನೋಡಿದ ನಮಗೆ ಈ ಕೆಲಸವು ಸಂಶೋಧಕನ ಕೆಲಸಕ್ಕೆ ಎಷ್ಟು ಹತ್ತಿರದ್ದೆಂಬುದು ಮನವರಿಕೆಯಾಯಿತು.

ಮೊದಲು ಆತ ಒಂದು ತಿರುಪನ್ನೂ ಬಿಚ್ಚದೆ ಎಲ್ಲ ಕಡೆಯಿಂದಲೂ ಚಿತ್ರ ತೆಗೆದನು. ಚಾಸಿಸ್ಸಿನ ಮೇಲೆ ಕೊರೆದ ಸಂಖ್ಯೆಯನ್ನೂ ಎಂಜಿನ್ನಿನ ಮೇಲಿನ ಸಂಖ್ಯೆಯನ್ನೂ ಆರ್.ಸಿ. ಪುಸ್ತಕದೊಡನೆ ಹೋಲಿಸಿದನು. ಎರಡೂ ಹೊಂದಿದರೆ ಗಾಡಿ ಹುಟ್ಟಿದಾಗಿನ ಎಂಜಿನ್ನೇ ಅದರಲ್ಲಿದೆ ಎಂದರ್ಥ. ಕಾರ್ಬ್ಯುರೇಟರಿನ ಮೇಲೆ 'ಯಿಕೋವ್' ಎಂಬ ಜೆಕ್ ಹೆಸರು ಸಿಕ್ಕಿದಾಗ, ಅದನ್ನು ಎಸೆದು ಹೊಸದನ್ನು ಹಾಕದೆ ಶುಚಿಮಾಡಿ ಹಾಗೆಯೇ ಉಳಿಸಿದನು. ಸಿಲಿಂಡರು ಸವೆದಿತ್ತು, ಬೋರ್ ಮಾಡಿಸಿ ಅಳತೆ ಹೆಚ್ಚಿನ ಪಿಸ್ಟನ್ ಹಾಕಿಸಬೇಕಾಯಿತು. ಕ್ರ್ಯಾಂಕಿನ ಬೇರಿಂಗುಗಳನ್ನು ಬದಲಿಸಿದನು. ವೈರುಗಳು ಪುಡಿಯಾಗಿದ್ದವು. ಆ ಕೆಲಸವನ್ನು ತಿಳಿದ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಹುಡುಕಿ, ಅವರ ಬಳಿ ಕುಳಿತು ಪಾಯಿಂಟ್ ಹೊಂದಿಸುವುದನ್ನು ಕಲಿತನು. ಹಳೆಯ ವಾರಪತ್ರಿಕೆಗಳ ಜಾಹೀರಾತುಗಳನ್ನು, ಕಾರ್ಖಾನೆಯವರು ಅಚ್ಚು ಮಾಡಿಸಿದ್ದ ಬಿಡಿಭಾಗಗಳ ಪಟ್ಟಿಯನ್ನು ಸಂಗ್ರಹಿಸಿದನು.

ಬಣ್ಣದ ಪ್ರಶ್ನೆ ಬಂದಾಗ ಆತನ ವಿವೇಕ ನಮಗೆ ಕಂಡಿತು. ಟ್ಯಾಂಕಿನ ಮೇಲಿನ ನೀಲಿ ಬಣ್ಣವನ್ನು ಕೆರೆದರೆ ಕೆಳಗೆ ಕಪ್ಪು, ಅದರ ಕೆಳಗೆ ಹಸಿರು, ಎಲ್ಲಕ್ಕಿಂತ ಕೆಳಗೆ ಯಾದವಗಿರಿಯ ಕೆಂಗಂದು ಸಿಕ್ಕಿತು. ಹೊರಗೆ ಅದೇ ಕೆಂಗಂದನ್ನು ಹಚ್ಚಿಸಿದನು. ಆದರೆ ಟ್ಯಾಂಕಿನ ತಳದಲ್ಲಿ, ಕಣ್ಣಿಗೆ ಕಾಣದ ಕಡೆ, ಅಂಗೈಯಗಲದಷ್ಟು ಜಾಗವನ್ನು ಕೆರೆಯದೆ ಬಿಟ್ಟನು. ಮುಂದೆ ಯಾರಾದರೂ ನೋಡಿದರೆ ಗಾಡಿಯ ಮೇಲೆ ಯಾವ ಯಾವ ಬಣ್ಣಗಳು ಬಂದು ಹೋದವೆಂಬುದು ತಿಳಿಯಲೆಂಬುದೇ ಅದರ ಉದ್ದೇಶ. ಗುಡಿಯ ಕಂಬಕ್ಕೆ ಸುಣ್ಣ ಬಳಿದು ಶಾಸನವನ್ನು ಮುಚ್ಚಿಬಿಡುವ ನಮ್ಮ ಊರುಗಳ ಜೀರ್ಣೋದ್ಧಾರಗಳನ್ನು ಕಂಡವರಿಗೆ ಈ ಅಂಗೈಯಗಲದ ಬೆಲೆ ಗೊತ್ತಾಗುತ್ತದೆ. ಹೊಸದರಂತೆ ಹೊಳೆಯಿಸುವುದು ಸುಲಭ. ಹಳೆಯದು ಹೇಗಿತ್ತೆಂಬುದನ್ನು ಅಳಿಸದೆ ಓಡುವಂತೆ ಮಾಡುವುದು ಕಷ್ಟ.

ಇತರ ದೇಶಗಳಲ್ಲಿ ಈ ಕೆಲಸ ಹೇಗೆ ನಡೆಯುತ್ತಿದೆಯೆಂಬುದನ್ನು ನೋಡಿದರೆ ನಮ್ಮ ಕೊರತೆಯ ಅರಿವಾಗುತ್ತದೆ. ಜಪಾನಿನಲ್ಲಿ 1960ರ ದಶಕದಲ್ಲಿ ಕ್ರೀಡಾಕಾರುಗಳ ಒಂದು ಪರಂಪರೆಯೇ ಹುಟ್ಟಿತು. 1967ರಲ್ಲಿ ಬಂದ ಟೊಯೊಟಾ 2000 ಜಿ.ಟಿ. ಕಾರಿನ ತಯಾರಿಕೆಯಲ್ಲಿ ಯಮಹಾದ ಕೈಯೂ ಇತ್ತು; ತಯಾರಾದದ್ದು ಸುಮಾರು 350 ಮಾತ್ರ. ಅದೇ ವರ್ಷ ಮಾಜ್ದಾ ಸಂಸ್ಥೆಯು ತಿರುಗುವ ರೋಟರ್ ಎಂಜಿನ್ನಿನ ಕಾಸ್ಮೊ ಕಾರನ್ನು ತಂದಿತು. 1969ರಲ್ಲಿ ನಿಸ್ಸಾನ್ ಸಂಸ್ಥೆಯ ಫೇರ್‌ಲೇಡಿ ಜೆಡ್ ಬಂದಿತು. ಹೊರದೇಶಗಳಲ್ಲಿ ಅದು ಡಾಟ್ಸನ್ 240 ಜೆಡ್ ಎಂದು ಪ್ರಸಿದ್ಧವಾಯಿತು. ಇವುಗಳನ್ನು ಪ್ರೀತಿಯಿಂದ ಕಾಪಾಡಿಕೊಂಡು ಬಂದವರು ಮೊದಲಿಗೆ ಸಾಮಾನ್ಯ ಒಡೆಯರೇ. ಆಮೇಲೆ ಸಂಸ್ಥೆಗಳೂ ಎಚ್ಚೆತ್ತವು. 1990ರ ದಶಕದಲ್ಲಿ ನಿಸ್ಸಾನ್ ಸಂಸ್ಥೆಯು ಅಮೆರಿಕದಲ್ಲಿ ಹಳೆಯ 240 ಜೆಡ್ ಕಾರುಗಳನ್ನು ತಾನೇ ಕೊಂಡು, ಜೀರ್ಣೋದ್ಧಾರ ಮಾಡಿ ಮಾರಿತು. ಮಾಜ್ದಾ ಸಂಸ್ಥೆಯು 1989ರ ತನ್ನ ರೋಡ್‌ಸ್ಟರ್ ಕಾರುಗಳನ್ನು ಸರಿಪಡಿಸಿಕೊಡುವ ಏರ್ಪಾಡನ್ನು 2017ರಲ್ಲಿ ಪ್ರಕಟಿಸಿತು. ಟೊಯೊಟಾ 2020ರಿಂದ 2000 ಜಿ.ಟಿ. ಮತ್ತು ಹಳೆಯ ಸುಪ್ರಾ ಕಾರುಗಳಿಗೆ ಬೇಕಾದ ಭಾಗಗಳನ್ನು ಮತ್ತೆ ತಯಾರಿಸತೊಡಗಿತು. ತಯಾರಿಸಿದವನೇ ಅರ್ಧ ಶತಮಾನದ ನಂತರ ನಕ್ಷೆಯನ್ನು ಹೊರತೆಗೆದು ಭಾಗವನ್ನು ಮಾಡಿಕೊಡುವುದು ಸಾಮಾನ್ಯ ಸಂಗತಿಯಲ್ಲ.

ಯಾದವಗಿರಿಯ ಗಾಡಿಗೆ ಆ ಭಾಗ್ಯವಿಲ್ಲ. ಜಾವಾ ಹೆಸರು 2018ರಲ್ಲಿಯೂ ಯೆಜ್ಡಿ ಹೆಸರು 2022ರಲ್ಲಿಯೂ ಮಾರುಕಟ್ಟೆಗೆ ಮರಳಿ ಬಂದವು, ನಿಜ. ಆದರೆ ಆ ಹೊಸ ಗಾಡಿಗಳು ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಯೆಜ್ಡಿ ಹೆಸರಿನ ಒಡೆತನ ಯಾರದೆಂಬ ವ್ಯಾಜ್ಯವು ಕರ್ನಾಟಕದ ಉಚ್ಚ ನ್ಯಾಯಾಲಯದವರೆಗೂ ಹೋಯಿತು. ಹಳೆಯ ಗಾಡಿಯ ವಿದ್ಯೆಯು ಉಳಿದಿರುವುದು ಮೈಸೂರು, ಬೆಂಗಳೂರು, ಬಳ್ಳಾರಿಗಳಂತಹ ಊರುಗಳ ಮೆಕ್ಯಾನಿಕ್ಕುಗಳ ಕೈಯಲ್ಲಿ ಮತ್ತು ಒಡೆಯರ ಮನೆಯ ಪೆಟ್ಟಿಗೆಗಳಲ್ಲಿ. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಅವರು ಜಾವಾ-ಯೆಜ್ಡಿ ದಿನವನ್ನು ಆಚರಿಸಿ, ಗಾಡಿಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಕಾರುಗಳ ವಿಷಯದಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಮಾಡಿರುವ ಸಂಗ್ರಹವನ್ನು ಇಲ್ಲಿ ಸ್ಮರಿಸಬೇಕು. ಶ್ರೀರಂಗಪಟ್ಟಣದ ಬಳಿಯ 'ಪಯಣ' ಸಂಗ್ರಹಾಲಯದಲ್ಲಿ ಆ ಹಳೆಯ ಕಾರುಗಳನ್ನು ಮಕ್ಕಳೊಡನೆ ಹೋಗಿ ನೋಡಬಹುದು.

ಸರ್ಕಾರವೂ ಇತ್ತೀಚೆಗೆ ಇದರ ಕಡೆ ಗಮನ ಕೊಟ್ಟಿದೆ. 2021ರಲ್ಲಿ ಬಂದ ಕೇಂದ್ರದ ನಿಯಮಗಳ ಪ್ರಕಾರ, 50 ವರ್ಷ ದಾಟಿದ, ಮೂಲ ರೂಪವನ್ನು ಉಳಿಸಿಕೊಂಡಿರುವ ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನಗಳನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಹೊಸದಾಗಿ ನೋಂದಾಯಿಸುವವುಗಳಿಗೆ 'ವಿ.ಎ.' ಅಕ್ಷರಗಳುಳ್ಳ ಸಂಖ್ಯೆ. ಮೊದಲೇ ನೋಂದಣಿಯಾಗಿರುವವು ತಮ್ಮ ಹಳೆಯ ಸಂಖ್ಯೆಯನ್ನೇ ಇರಿಸಿಕೊಳ್ಳಬಹುದು. ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಅವುಗಳನ್ನು ಬಳಸುವಂತಿಲ್ಲ. ಪ್ರದರ್ಶನ, ಮೆರವಣಿಗೆ, ತಾಂತ್ರಿಕ ಸಂಶೋಧನೆ ಮುಂತಾದವುಗಳಿಗಾಗಿ ರಸ್ತೆಗೆ ತರಬಹುದು. ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಲು ಬಿಟ್ಟದ್ದು ನಮ್ಮಂತಹ ಗಡಿನಾಡಿನವರಿಗೆ ಮುಖ್ಯ. ಆ ಫಲಕದ ಮೇಲಿನ ಎರಡು ಅಕ್ಷರಗಳೇ ಗಾಡಿ ಗೆರೆಯ ಯಾವ ಕಡೆ ಹುಟ್ಟಿತೆಂಬುದನ್ನು ಹೇಳುತ್ತವೆ.

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಮೋಟಾರ್ ಸೈಕಲ್ಲಿನ ಮಾತೇಕೆ ಎಂದು ಕೆಲವರು ಕೇಳಬಹುದು. ಎಮ್ಮಿಗನೂರು, ಆದವಾನಿ, ಆಲೂರು ಸೀಮೆಯ ಕನ್ನಡಿಗರ ಕಳೆದ 70 ವರ್ಷಗಳ ಇತಿಹಾಸವನ್ನು ಬರೆದಿಡಲು ದೊಡ್ಡ ಕಚೇರಿಗಳು ನಮಗೆ ಇಲ್ಲ. ಮಾತೃಸಂಸ್ಥೆಯನ್ನು ಕಳೆದುಕೊಂಡ ಜಾವಾದ ಸ್ಥಿತಿಗೂ ನಮ್ಮ ಸ್ಥಿತಿಗೂ ಅಷ್ಟರ ಮಟ್ಟಿಗೆ ಹೋಲಿಕೆಯಿದೆ. ಇದ್ದ ಕಾಗದಗಳು ಮನೆಗಳಲ್ಲಿವೆ. ಆರ್.ಸಿ. ಪುಸ್ತಕ, ತೆರಿಗೆಯ ರಸೀದಿ, ಕನ್ನಡ ಶಾಲೆಯ ವರ್ಗಾವಣೆ ಪತ್ರ, ಲಗ್ನಪತ್ರಿಕೆ, ಭಾವಚಿತ್ರ, ಇವೇ ನಮ್ಮ ತಾಮ್ರಪಟಗಳು. ಅವುಗಳನ್ನು ಓದಬಲ್ಲ ಹಿರಿಯರು ಇರುವಾಗಲೇ ಓದಿಸಿ ಬರೆಸಿಕೊಳ್ಳಬೇಕು.

ಆದುದರಿಂದ ಸಂಘದ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಹಿತ್ತಲಿನಲ್ಲಿ ಹಳೆಯ ಗಾಡಿಯಿದ್ದರೆ ಗುಜರಿಗೆ ಹಾಕುವ ಮುನ್ನ ಬಲ್ಲವರಿಗೆ ಒಮ್ಮೆ ತೋರಿಸಿರಿ. ಉಳಿಸಲಾಗದಿದ್ದರೆ ಅದರ ಚಿತ್ರವನ್ನೂ ಕಾಗದಗಳ ಪ್ರತಿಯನ್ನೂ ಸಂಘಕ್ಕೆ ಕೊಡಿರಿ. ಕೊಂಡವರಾರು, ಎಲ್ಲಿಂದ ತಂದರು, ಅದರಲ್ಲಿ ಎಲ್ಲಿಗೆ ಹೋದರು ಎಂಬುದನ್ನು ನಾಲ್ಕು ಸಾಲಿನಲ್ಲಿ ಕನ್ನಡದಲ್ಲಿ ಬರೆದು ಜೊತೆಗಿಡಿರಿ. ಈ ಕೆಲಸವನ್ನು ಶಾಲೆಯ ಮಕ್ಕಳಿಂದ ಮಾಡಿಸಿದರೆ ಇನ್ನೂ ಉತ್ತಮ. ನಮ್ಮ ಪಾಲಿಗೆ ಉಳಿದಿರುವ ಸ್ಪ್ಯಾನರುಗಳ ಚೀಲವನ್ನೂ ಮಾವನವರ ಭಾವಚಿತ್ರವನ್ನೂ ಈ ಸಮ್ಮೇಳನದ ದಿನ ಸಂಘದ ಪದಾಧಿಕಾರಿಗಳಿಗೆ ಒಪ್ಪಿಸುತ್ತಿದ್ದೇವೆ. ಭಾವಚಿತ್ರದಲ್ಲಿ ಗಾಡಿಯ ಸಂಖ್ಯಾಫಲಕವು ಅರ್ಧ ಮಾತ್ರ ಕಾಣುತ್ತದೆ. ಮೊದಲ ಎರಡು ಅಕ್ಷರಗಳನ್ನು ಓದಬಹುದು. ಉಳಿದ ಅಂಕಿಗಳನ್ನು ಬಲ್ಲವರು ಯಾರಾದರೂ ಸಿರುಗುಪ್ಪದ ಕಡೆ ಇನ್ನೂ ಇದ್ದರೆ ದಯಮಾಡಿ ತಿಳಿಸಬೇಕು.